ಸಿಂಪಿ ಬಿಡಿಸುವ ಕೆಲಸದ ಚರಿತ್ರೆ

೧

ಆಹಾರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಉಂಡವರ ಚರಿತ್ರೆಯನ್ನೇ ಬರೆದಿರುವರು. ಯಾವ ಅರಸನ ಪಂಕ್ತಿಯಲ್ಲಿ ಯಾವ ಭಕ್ಷ್ಯವಿದ್ದಿತು, ಯಾವ ಕವಿಯು ಯಾವ ರುಚಿಯನ್ನು ಹೊಗಳಿದನು, ಯಾವ ಪದಾರ್ಥವು ಯಾವ ದೇಶದಿಂದ ಎಲ್ಲಿಗೆ ಹೋಯಿತು ಎಂಬ ಸಂಗತಿಗಳು ಗ್ರಂಥಗಳಲ್ಲಿ ವಿಪುಲವಾಗಿ ದೊರೆಯುವುವು. ಆ ಭಕ್ಷ್ಯವನ್ನು ಬಾಯಿಗೆ ಬರುವಂತೆ ಮಾಡಿದ ಕೈ ಯಾರದು ಎಂಬ ಪ್ರಶ್ನೆಗೆ ಮಾತ್ರ ಉತ್ತರವು ವಿರಳ. ಅಕ್ಕಿ, ಗೋಧಿ ಮೊದಲಾದ ಧಾನ್ಯಗಳ ವಿಷಯದಲ್ಲಿ ಈ ಲೋಪವು ಅಷ್ಟಾಗಿ ಬಾಧಿಸಲಾರದು. ಒರಳು ಒನಕೆಗಳ ಹಾಡುಗಳಾದರೂ ಉಳಿದುಬಂದಿವೆ. ಆದರೆ ಇಂಗ್ಲಿಷಿನಲ್ಲಿ ಆಯ್‌ಸ್ಟರ್ ಎಂದು ಕರೆಯುವ ಕಡಲ ಸಿಂಪಿಯ ವಿಷಯದಲ್ಲಿ ಇದು ದೊಡ್ಡ ಲೋಪವೇ ಸರಿ. ಏಕೆಂದರೆ ಈ ಪ್ರಾಣಿಯು ಜೀವದಿಂದಿರುವಾಗಲೇ ತಿನ್ನಲ್ಪಡುವುದು. ಜೀವದಿಂದಿರುವಷ್ಟು ಹೊತ್ತೂ ತನ್ನ ಚಿಪ್ಪನ್ನು ಬಿಗಿಹಿಡಿದಿರುವುದು. ಆ ಬಿಗಿತವನ್ನು ಯಾರಾದರೊಬ್ಬರು ಚೂರಿಯಿಂದ ಸೋಲಿಸದೆ ಉಣ್ಣುವವನಿಗೆ ಏನೂ ದೊರೆಯದು.

ಈ ಚೂರಿಯು ಎರಡು ಸಾವಿರ ವರ್ಷಗಳಲ್ಲಿ ಹಲವು ಕೈಗಳನ್ನು ದಾಟಿ ಬಂದಿದೆ. ತೀರದ ಜನರಿಂದ ಸೇವಕರಿಗೆ, ಸೇವಕರಿಂದ ಬೀದಿಯ ಮಾರಾಟಗಾರರಿಗೆ, ಅವರಿಂದ ಕಾರ್ಖಾನೆಯ ಹೆಂಗಸರಿಗೂ ಮಕ್ಕಳಿಗೂ, ಕೊನೆಗೆ ಮನೆಯ ಯಜಮಾನ ಯಜಮಾನಿಯರಿಗೆ ಅದು ಬಂದು ಸೇರಿತು. ಪ್ರತಿಯೊಂದು ಸಲ ಕೈ ಬದಲಾದಾಗಲೂ ಗಾಯದ ಅಪಾಯವೂ, ಒಳ್ಳೆಯ ಸಿಂಪಿಯನ್ನು ಕೆಟ್ಟ ಸಿಂಪಿಯಿಂದ ಬೇರ್ಪಡಿಸುವ ತಿಳಿವಳಿಕೆಯೂ ಒಬ್ಬರಿಂದ ಮತ್ತೊಬ್ಬರಿಗೆ ಹೋದುವು. ಈ ವರ್ಗಾವಣೆಯನ್ನು ದೊರೆತ ಆಧಾರಗಳಿಂದ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಹೆಸರನ್ನೂ ಅಂಗರಚನೆಯನ್ನೂ ವಿವೇಚಿಸುವುದು ಯುಕ್ತ. ಗ್ರೀಕ್ ಭಾಷೆಯಲ್ಲಿ ಸಿಂಪಿಗೆ ‘ಆಸ್ಟ್ರಿಯಾನ್’ ಎಂದು ಹೆಸರು. ಇದು ಲ್ಯಾಟಿನ್ ಭಾಷೆಯಲ್ಲಿ ‘ಆಸ್ಟ್ರಿಯಾ’ ಎಂದಾಗಿ, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿತು. ಎಲುಬು ಎಂಬ ಅರ್ಥದ ಗ್ರೀಕಿನ ‘ಆಸ್ಟಿಯಾನ್’, ಸಂಸ್ಕೃತದ ‘ಅಸ್ಥಿ’ ಇವೆರಡೂ ಇದರ ಜ್ಞಾತಿಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುವರು. ಚಿಪ್ಪು, ಮಡಕೆಯ ಚೂರು ಎಂಬ ಅರ್ಥಗಳುಳ್ಳ ‘ಆಸ್ಟ್ರಕಾನ್’ ಎಂಬುದೂ ಇದೇ ಕುಲದ್ದು. ಅಥೆನ್ಸಿನ ಪೌರರು ತಮಗೆ ಬೇಡವಾದವನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಅವನನ್ನು ಗಡೀಪಾರು ಮಾಡುತ್ತಿದ್ದ ಪದ್ಧತಿಗೆ ಹೆಸರು ಬಂದುದು ಇದರಿಂದಲೇ. ಈ ಹೆಸರುಗಳೆಲ್ಲವೂ ಹೊರಗಿನ ಗಡಸುತನವನ್ನು ಸೂಚಿಸುವುವೇ ಹೊರತು ಒಳಗಿನ ಮಾಂಸವನ್ನಲ್ಲ. ಕನ್ನಡದ ಸಿಂಪಿ, ಚಿಪ್ಪು ಎಂಬ ಶಬ್ದಗಳೂ, ತಮಿಳಿನ ಸಿಪ್ಪಿ ಎಂಬುದೂ ಅದೇ ರೀತಿ ಕವಚಕ್ಕೂ ಪ್ರಾಣಿಗೂ ಸಮಾನವಾಗಿ ಸಲ್ಲುವುವು.

ಸಿಂಪಿಗೆ ಎರಡು ಚಿಪ್ಪುಗಳುಂಟು. ಎಡದ ಚಿಪ್ಪು ಬಟ್ಟಲಿನಂತೆ ಗುಳಿಯಾದುದು; ಬಲದ ಚಿಪ್ಪು ಮುಚ್ಚಳದಂತೆ ಚಪ್ಪಟೆಯಾದುದು. ಇವೆರಡೂ ಚೂಪಾದ ತುದಿಯಲ್ಲಿ ಒಂದು ಕೀಲಿನಿಂದ ಕೂಡಿಕೊಂಡಿವೆ. ಆ ಕೀಲಿನಲ್ಲಿರುವ ರಬ್ಬರಿನಂಥ ಬಂಧವು ಚಿಪ್ಪುಗಳನ್ನು ಸದಾ ತೆರೆಯಲು ಒತ್ತುತ್ತಿರುವುದು. ಇದಕ್ಕೆ ಪ್ರತಿಯಾಗಿ ಎರಡು ಚಿಪ್ಪುಗಳ ನಡುವೆ ಅಡ್ಡಲಾಗಿ ಹೊಂದಿಕೊಂಡಿರುವ ಒಂದೇ ಒಂದು ಸ್ನಾಯುವು ಅವನ್ನು ಮುಚ್ಚಿ ಹಿಡಿಯುವುದು. ಈ ಸ್ನಾಯುವಿನಲ್ಲಿ ಎರಡು ಭಾಗಗಳು: ಒಂದು ಅರೆಪಾರದರ್ಶಕವಾಗಿದ್ದು ಚಿಪ್ಪನ್ನು ಥಟ್ಟನೆ ಮುಚ್ಚುವುದು, ಇನ್ನೊಂದು ಬೆಳ್ಳಗಿದ್ದು, ಮುಚ್ಚಿದುದನ್ನು ಅತ್ಯಲ್ಪ ಶಕ್ತಿವ್ಯಯದಿಂದ ಬಹುಕಾಲ ಬಿಗಿಹಿಡಿಯುವುದು. ಆದಕಾರಣ ಸಿಂಪಿಯ ವಿಷಯದಲ್ಲಿ ಮನುಷ್ಯನ ತೋಳಿನ ಬಲವು ಅಷ್ಟಾಗಿ ಪ್ರಯೋಜನಕ್ಕೆ ಬಾರದು. ಎಳೆದರೆ ಅದು ತೆರೆಯಲಾರದು. ಸ್ನಾಯುವನ್ನು ಕೊಯ್ದರೆ ಕೀಲಿನ ಬಂಧವೇ ಚಿಪ್ಪನ್ನು ಮೇಲೆತ್ತಿ ಕೊಡುವುದು. ಬಲವಲ್ಲ, ಸ್ನಾಯುವಿರುವ ಸ್ಥಳದ ಅರಿವು ಮುಖ್ಯವೆಂಬುದು ಈ ಕಸಬಿನ ಮೊದಲನೆಯ ಸೂತ್ರ.

೩

ಸಿಂಪಿಯನ್ನು ತಿಂದುದಕ್ಕೆ ಅತಿ ಪ್ರಾಚೀನವೂ ವಿಪುಲವೂ ಆದ ಸಾಕ್ಷ್ಯಗಳಲ್ಲಿ ಡೆನ್ಮಾರ್ಕಿನ ಚಿಪ್ಪಿನ ದಿಬ್ಬಗಳು ಪ್ರಸಿದ್ಧವಾಗಿವೆ. ಇವು ಸಮುದ್ರವು ಸ್ವಾಭಾವಿಕವಾಗಿ ಒಟ್ಟಿದ ರಾಶಿಗಳೆಂದು ಮೊದಲು ಭಾವಿಸಲ್ಪಟ್ಟಿದ್ದುವು. 1848ರಲ್ಲಿ ಅಲ್ಲಿಯ ವಿದ್ವತ್ಸಂಸ್ಥೆಯು ಪ್ರಾಣಿಶಾಸ್ತ್ರಜ್ಞನಾದ ಸ್ಟೇನ್‌ಸ್ಟ್ರುಪ್, ಭೂಗರ್ಭಶಾಸ್ತ್ರಜ್ಞನಾದ ಫೋರ್ಕ್‌ಹ್ಯಾಮರ್, ಪುರಾತತ್ತ್ವಜ್ಞನಾದ ವೊರ್ಸೊ ಎಂಬ ಮೂವರನ್ನು ಪರಿಶೋಧನೆಗೆ ನಿಯಮಿಸಿತು. ಚಿಪ್ಪುಗಳ ನಡುವೆ ಕಲ್ಲಿನ ಆಯುಧಗಳೂ, ಪ್ರಾಣಿಗಳ ಎಲುಬುಗಳೂ, ಒಲೆಯ ಕುರುಹುಗಳೂ ಕಂಡುದರಿಂದ ಇವು ಮನುಷ್ಯರ ಉಚ್ಛಿಷ್ಟವೆಂದು ನಿಶ್ಚಿತವಾಯಿತು. ‘ಅಡುಗೆಮನೆಯ ತಿಪ್ಪೆ’ ಎಂಬ ಅರ್ಥದ ಡೇನಿಷ್ ಶಬ್ದವು ಪುರಾತತ್ತ್ವದ ಪರಿಭಾಷೆಗೆ ಸೇರಿತು. ಎರ್ಟೆಬೊಲೆ ಎಂಬಲ್ಲಿಯ ದಿಬ್ಬವನ್ನು 1890ರ ದಶಕದಲ್ಲಿ ಅಗೆದ ಮೇಲೆ ಆ ಸಂಸ್ಕೃತಿಗೆ ಆ ಊರಿನ ಹೆಸರೇ ನಿಂತಿತು. ಅದರ ಕಾಲವು ಸ್ಥೂಲವಾಗಿ ಕ್ರಿ. ಪೂ. 5400ರಿಂದ 3900ರ ವರೆಗೆ.

ಈ ದಿಬ್ಬಗಳಲ್ಲಿರುವ ಒಲೆಗಳು ಪ್ರಸ್ತುತ ವಿಷಯಕ್ಕೆ ಉಪಯುಕ್ತವಾಗಿವೆ. ಸಿಂಪಿಯನ್ನು ಬಿಡಿಸಲು ಲೋಹದ ಚೂರಿಯು ಅನಿವಾರ್ಯವಲ್ಲ. ಕೆಂಡದ ಶಾಖವು ತಾಗಿದರೆ ಸ್ನಾಯುವು ಸಡಿಲವಾಗಿ ಚಿಪ್ಪು ತಾನಾಗಿಯೇ ಬಿರಿಯುವುದು. ಬೆಂಕಿಯಿಂದ ಬಿಡಿಸುವವನಿಗೆ ವಿಶೇಷ ಕೌಶಲವು ಬೇಡ; ಚೂರಿಯಿಂದ ಬಿಡಿಸುವವನಿಗೆ ಅದು ಬೇಕೇ ಬೇಕು. ಹಸಿಯಾಗಿಯೇ ತಿನ್ನಬೇಕೆಂಬ ಅಭಿರುಚಿಯು ನೆಲೆಗೊಂಡ ನಾಡಿನಲ್ಲಿ ಬೆಂಕಿಯ ದಾರಿ ಮುಚ್ಚಿಹೋಗಿ, ಬಿಡಿಸುವವನು ಅವಶ್ಯಕನಾದನು. ಆದುದರಿಂದ ಬಿಡಿಸುವ ಕಸಬು ಹುಟ್ಟಿದುದು ಹಸಿವಿನಿಂದಲ್ಲ, ರುಚಿಯಿಂದ ಎನ್ನಬಹುದು.

೪

ಆ ರುಚಿಯು ಪರಾಕಾಷ್ಠೆಗೆ ಏರಿದುದು ರೋಮ್ ನಗರದಲ್ಲಿ. ಸಿಂಪಿಯ ಪಾತಿಗಳನ್ನು ಮೊದಲು ಕಟ್ಟಿಸಿದವನು ಸರ್ಜಿಯಸ್ ಒರಾಟ ಎಂದೂ, ಅವನು ಬಾಯಿ ಎಂಬ ತೀರದಲ್ಲಿ ಕ್ರಿ. ಪೂ. ಒಂದನೆಯ ಶತಮಾನದ ಆದಿಭಾಗದ ಸುಮಾರಿಗೆ ಇದನ್ನು ನಡೆಸಿದನೆಂದೂ, ಜಿಹ್ವಾಚಾಪಲ್ಯಕ್ಕಿಂತ ಧನಾಶೆಯೇ ಅವನಿಗೆ ಪ್ರೇರಕವಾಗಿತ್ತೆಂದೂ ಹಿರಿಯ ಪ್ಲಿನಿಯು ತನ್ನ ‘ನಿಸರ್ಗಚರಿತ್ರೆ’ಯಲ್ಲಿ ಹೇಳಿರುವನು. ಲುಕ್ರಿನಸ್ ಸರೋವರದ ಸಿಂಪಿಯೇ ಶ್ರೇಷ್ಠವೆಂಬ ಕೀರ್ತಿಯನ್ನು ಹಬ್ಬಿಸಿದವನೂ ಇವನೇ. ಸಾರ್ವಜನಿಕ ಜಲವನ್ನು ಒರಾಟನು ಆಕ್ರಮಿಸಿದನೆಂದು ವ್ಯಾಜ್ಯವಾದಾಗ, ಪ್ರತಿಪಕ್ಷದ ವಾಗ್ಮಿಯಾದ ಕ್ರಾಸಸನು, ಸರೋವರದಿಂದ ಹೊರಗಟ್ಟಿದರೂ ಈತನು ಮನೆಯ ಹಂಚಿನ ಮೇಲೆ ಸಿಂಪಿಯನ್ನು ಬೆಳೆಯಬಲ್ಲನೆಂದು ಪರಿಹಾಸ ಮಾಡಿದನಂತೆ. ವ್ಯಾಲೇರಿಯಸ್ ಮ್ಯಾಕ್ಸಿಮಸನು ಇದನ್ನು ದಾಖಲಿಸಿದ್ದಾನೆ. ಮುಂದೆ ಬ್ರುಂಡಿಸಿಯಮ್ಮಿನಿಂದ ತಂದ ಸಿಂಪಿಗಳನ್ನು ಲುಕ್ರಿನಸಿನಲ್ಲಿ ಬಿಟ್ಟು ಕೊಬ್ಬಿಸುವ ಪದ್ಧತಿಯೂ ಬಂದಿತು. 1538ರಲ್ಲಿ ಅಲ್ಲಿ ಜ್ವಾಲಾಮುಖಿ ಸ್ಫೋಟಿಸಿ ಹೊಸದೊಂದು ಬೆಟ್ಟವೇ ಎದ್ದು, ಆ ಸರೋವರದ ಬಹುಭಾಗವು ತುಂಬಿಹೋಯಿತು.

ಉಂಡವರ ಸಾಕ್ಷ್ಯಕ್ಕೆ ಇಲ್ಲಿ ಕೊರತೆಯಿಲ್ಲ. ಕಡಿದ ಮೊದಲ ತುತ್ತಿನಲ್ಲಿಯೇ ಸಿಂಪಿಯು ಯಾವ ತೀರದ್ದೆಂದು ಹೇಳಬಲ್ಲವನೊಬ್ಬನನ್ನು ಜುವೆನಾಲನು ತನ್ನ ನಾಲ್ಕನೆಯ ವಿಡಂಬನಕಾವ್ಯದಲ್ಲಿ ಚಿತ್ರಿಸಿ, ಬ್ರಿಟನ್ನಿನ ರುಟುಪಿಯೆಯ ಸಿಂಪಿಯನ್ನೂ ಅಲ್ಲಿ ಹೆಸರಿಸಿರುವನು. ತತ್ತ್ವಜ್ಞನಾದ ಸೆನೆಕನು ಯೌವನದಲ್ಲಿಯೇ ಸಿಂಪಿಯನ್ನೂ ಅಣಬೆಯನ್ನೂ ಆಜೀವಪರ್ಯಂತ ತ್ಯಜಿಸಿದುದಾಗಿ ಲುಸಿಲಿಯಸನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಇವು ಆಹಾರವಲ್ಲ, ತುಂಬಿದ ಹೊಟ್ಟೆಯನ್ನು ಮತ್ತೂ ತಿನ್ನಿಸುವ ಉಪಾಯವೆಂಬುದು ಅವನ ಆಕ್ಷೇಪದ ತಾತ್ಪರ್ಯ. ಬೆಳೆಸಿದವನೂ, ವಾದಿಸಿದವನೂ, ಹೊಗಳಿದವನೂ, ತ್ಯಜಿಸಿದವನೂ ಹೀಗೆ ಹೆಸರುಳ್ಳವರೇ. ಬಿಡಿಸಿದವನಿಗೆ ಮಾತ್ರ ಹೆಸರಿಲ್ಲ. ಅವನ ಸಾಕ್ಷ್ಯವನ್ನು ಗ್ರಂಥಗಳಲ್ಲಿ ಹುಡುಕದೆ ನೆಲದಲ್ಲಿಯೇ ಹುಡುಕಬೇಕು. ರೋಮನರ ಕಾಲದ ಬ್ರಿಟನ್ನಿನಲ್ಲಿ, ಸಿಲ್‌ಚೆಸ್ಟರಿನಂತಹ ಒಳನಾಡಿನ ಪಟ್ಟಣಗಳಲ್ಲಿಯೂ, ಸಿಂಪಿಯ ಚಿಪ್ಪುಗಳು ವಿಪುಲವಾಗಿ ದೊರೆತಿವೆ. ಪ್ರಾಚೀನ ನೆಲೆಗಳ ಇಂತಹ ಚಿಪ್ಪುಗಳ ಅಂಚಿನಲ್ಲಿ ಕೆಲವೊಮ್ಮೆ ಕಾಣುವ ಕಚ್ಚನ್ನು ಚೂರಿಯ ತುದಿ ಒತ್ತಿದ ಗುರುತೆಂದು ಪುರಾತತ್ತ್ವಜ್ಞರು ಗಣಿಸುವರು. ಅನಾಮಧೇಯನಾದ ಸೇವಕನ ಹಸ್ತಾಕ್ಷರವು ಇಷ್ಟೇ.

೫

ಬಿಡಿಸುವ ಕೈ ಮೊದಲ ಬಾರಿಗೆ ಕಣ್ಣಿಗೆ ಬೀಳುವುದು ಯೂರೋಪಿನ ಚಿತ್ರಕಲೆಯಲ್ಲಿ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರನಾದ ಯಾನ್ ಸ್ಟೇನನು ಸುಮಾರು 1658–60ರಲ್ಲಿ ಬರೆದ ಒಂದು ಚಿಕ್ಕ ಪಟವು ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಮುಂಭಾಗದಲ್ಲಿ ಯುವತಿಯೊಬ್ಬಳು ತೆರೆದ ಸಿಂಪಿಯ ಮೇಲೆ ಉಪ್ಪು ಉದುರಿಸುತ್ತ ನೋಡುವವನ ಕಡೆಗೆ ದೃಷ್ಟಿಯಿಟ್ಟಿರುವಳು. ಆಕೆಯ ಹಿಂದೆ, ದೂರದ ಅಡುಗೆಯ ಕೋಣೆಯಲ್ಲಿ, ಇನ್ನಷ್ಟು ಸಿಂಪಿಗಳನ್ನು ಸಿದ್ಧಮಾಡುತ್ತಿರುವವರು ಕಾಣುವರು. ಕಲೆಯ ವಿಮರ್ಶಕರು ಯುವತಿಯ ನೋಟವನ್ನು ಕುರಿತು ಬಹಳ ಬರೆದಿರುವರು. ಚರಿತ್ರೆಯ ದೃಷ್ಟಿಯಿಂದ ಹಿಂದಿನ ಕೋಣೆಯೂ ಅಷ್ಟೇ ಮಹತ್ತ್ವದ್ದು. ಉಣ್ಣುವವರ ಮತ್ತು ಬಿಡಿಸುವವರ ನಡುವಣ ಅಂತರವನ್ನು ಒಂದೇ ಪಟವು ಅಳೆದು ತೋರಿಸುವುದು.

1735ರಲ್ಲಿ ಹದಿನೈದನೆಯ ಲೂಯಿಯ ವರ್ಸೇಲ್ಸ್ ಭೋಜನಶಾಲೆಗಾಗಿ ಜಾನ್ ಫ್ರಾಂಸ್ವ ದ ತ್ರ್ವಾ ಎಂಬವನು ಬರೆದ ‘ಸಿಂಪಿಯ ಭೋಜನ’ವೆಂಬ ಪಟದಲ್ಲಿ ಈ ಎರಡು ವರ್ಗಗಳೂ ಒಂದೇ ಕೋಣೆಯಲ್ಲಿವೆ. ಈಗ ಶಾಂತಿಯಿ ಪಟ್ಟಣದ ಕೊಂದೆ ಸಂಗ್ರಹಾಲಯದಲ್ಲಿರುವ ಈ ಪಟವು ಶಾಂಪೇನ್ ಮದ್ಯದ ಬಿರಡೆ ಹಾರಿದುದನ್ನು ಚಿತ್ರಿಸಿರುವುದಕ್ಕಾಗಿ ವಿಶೇಷವಾಗಿ ಪ್ರಸಿದ್ಧ. ಶ್ರೀಮಂತರಲ್ಲಿ ಹಲವರು ತಲೆಯೆತ್ತಿ ಬಿರಡೆಯನ್ನು ನೋಡುತ್ತಿರುವಾಗ ಸೇವಕರು ಸಿಂಪಿಯನ್ನು ಬಿಡಿಸಿ ಒದಗಿಸುತ್ತಿರುವರು. ಬರಿದಾದ ಚಿಪ್ಪುಗಳು ನೆಲದ ಮೇಲೆ ಚೆಲ್ಲಿವೆ.

ಹಸಿ ಸಿಂಪಿಯು ಬಿಡಿಸಿದ ಕ್ಷಣದಿಂದ ಕೆಡಲಾರಂಭಿಸುವುದು. ಆದಕಾರಣ ಅಡುಗೆಮನೆಯಲ್ಲಿ ಅಡಗಿರಬೇಕಾದ ಕೆಲಸವು ಭೋಜನಶಾಲೆಯ ವರೆಗೂ ಬರುವುದು ಅನಿವಾರ್ಯವಾಯಿತು. ಇದೇ ಕಾರಣದಿಂದ ಫ್ರಾನ್ಸಿನಲ್ಲಿ ‘ಏಕಾಯೇ’ ಎಂಬ ವಿಶಿಷ್ಟ ಕಸಬುದಾರರ ವರ್ಗವು ಬೆಳೆಯಿತು. ಚಿಪ್ಪು ಎಂಬ ಅರ್ಥದ ಶಬ್ದದಿಂದ ಬಂದ ಈ ಹೆಸರು ಸಿಂಪಿಯನ್ನು ಬಿಡಿಸಿ ಮಾರುವವನಿಗೆ ಸಲ್ಲುವುದು. ಪ್ಯಾರಿಸಿನ ಉಪಾಹಾರಗೃಹಗಳ ಹೊರಗೆ ಇವರು ಇಂದಿಗೂ ಕಾಣಸಿಗುವರು.

೬

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಸಿಂಪಿಯು ಬಡವರ ಆಹಾರವಾಗಿತ್ತೆಂಬುದು ಈಗಿನವರಿಗೆ ಆಶ್ಚರ್ಯಕರವಾಗಬಹುದು. 1836–37ರಲ್ಲಿ ಪ್ರಕಟವಾದ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಸ್ಯಾಮ್ ವೆಲ್ಲರನು ಬಡತನಕ್ಕೂ ಸಿಂಪಿಗೂ ಇರುವ ಸಾಹಚರ್ಯವನ್ನು ಕುರಿತು ಮಾತನಾಡುವನು. ಹೆನ್ರಿ ಮೇಹ್ಯೂ ಎಂಬ ಪತ್ರಿಕಾಕರ್ತನು 1851ರಲ್ಲಿ ಪ್ರಕಟಿಸಿದ ಲಂಡನ್ನಿನ ಶ್ರಮಜೀವಿಗಳ ವರ್ಣನೆಯಲ್ಲಿ ಬೀದಿಯ ಸಿಂಪಿ ಮಾರಾಟಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಾಗಿಟ್ಟಿರುವನು. ಕೋಲ್ಚೆಸ್ಟರ್ ಪಟ್ಟಣವು ಕೋಲ್ನ್ ನದಿಯ ಮೇಲಣ ತನ್ನ ಹಕ್ಕನ್ನು 1189ರಲ್ಲಿ ರಿಚರ್ಡ್ ದೊರೆಯಿಂದ ದೃಢಪಡಿಸಿಕೊಂಡಿತ್ತು. ಅಲ್ಲಿಂದಲೂ ವಿಟ್‌ಸ್ಟೆಬಲಿನಿಂದಲೂ ಸಿಂಪಿಯು ರಾಜಧಾನಿಗೆ ಬರುತ್ತಿತ್ತು. ಬೀದಿಯ ಮಾರಾಟಗಾರನು ಗಿರಾಕಿಯ ಎದುರಿನಲ್ಲಿಯೇ ಚಿಪ್ಪನ್ನು ಬಿಡಿಸಿ ಕೊಡುತ್ತಿದ್ದನು. ಗಿರಾಕಿಗೆ ಚೂರಿ ಬೇಕಾಗಿರಲಿಲ್ಲ. ಆದರೆ ಬಿಡಿಸುವುದನ್ನು ಕಣ್ಣಾರೆ ಕಾಣುವ ಅವಕಾಶವು ಅವನಿಗಿತ್ತು.

ಇಂಗ್ಲಿಷ್ ತಿಂಗಳಿನ ಹೆಸರಿನಲ್ಲಿ ‘ಆರ್’ ಎಂಬ ಅಕ್ಷರವಿಲ್ಲದಿದ್ದರೆ ಸಿಂಪಿಯನ್ನು ತಿನ್ನಬಾರದೆಂಬ ವಿಧಿಯು ಬಹಳ ಹಳೆಯದು. 1599ರಲ್ಲಿ ಹೆನ್ರಿ ಬಟ್ಸ್ ಎಂಬವನ ಆಹಾರಗ್ರಂಥದಲ್ಲಿಯೇ ಇದು ಕಾಣುವುದು. ಮೇಯಿಂದ ಆಗಸ್ಟಿನ ವರೆಗಿನ ಆ ನಾಲ್ಕು ತಿಂಗಳುಗಳು ಯೂರೋಪಿನ ಚಪ್ಪಟೆ ಸಿಂಪಿಯು ಮರಿಮಾಡುವ ಕಾಲ. ಈ ಜಾತಿಯು ಮರಿಗಳನ್ನು ತನ್ನ ಚಿಪ್ಪಿನೊಳಗೇ ಕೆಲವು ದಿನ ಪೋಷಿಸುವುದರಿಂದ ಮಾಂಸವು ಮರಳುಮರಳಾಗುವುದು. ಬೇಸಗೆಯ ಸೆಕೆಯಲ್ಲಿ ಸಾಗಿಸಿದರೆ ಬೇಗ ಕೆಡುವುದು. ಹೀಗೆ ಒಂದು ಗಾದೆಯೊಳಗೆ ಜೀವಶಾಸ್ತ್ರವೂ ಆರೋಗ್ಯಶಾಸ್ತ್ರವೂ ಸೇರಿಕೊಂಡಿದ್ದುವು.

ಆದರೆ ಗಾದೆಯು ಪಾತಿಗಳನ್ನು ಉಳಿಸಲಾರದೆ ಹೋಯಿತು. ಅತಿಯಾಗಿ ಬಾಚಿದುದರಿಂದ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಪಾತಿಗಳು ಬರಿದಾಗಿ ಬೆಲೆಯು ಏರಿತು. ಸಿಂಪಿಯು ಬಡವನ ಕೈತಪ್ಪಿತು. ಫ್ರಾನ್ಸಿನಲ್ಲಿ ವಿಕ್ಟರ್ ಕೋಸ್ಟ್ ಎಂಬ ವಿಜ್ಞಾನಿಯು ಇಟಲಿಯ ಫುಸಾರೊ ಸರೋವರದ ಕೃಷಿಯನ್ನು ಕಂಡು 1855ರಲ್ಲಿ ವರದಿಮಾಡಿ, ಮೂರನೆಯ ನೆಪೋಲಿಯನ್ನನ ಆಶ್ರಯದಿಂದ ಕೃತಕ ಪಾತಿಗಳನ್ನು ಆರಂಭಿಸಿದನು. 1868ರಲ್ಲಿ ಒಂದು ಹಡಗಿನಿಂದ ಜಿರೋಂಡ್ ನದೀಮುಖದಲ್ಲಿ ಎಸೆದ ಪೋರ್ಚುಗೀಸ್ ಸಿಂಪಿಗಳು ಅಲ್ಲಿ ಬೇರೂರಿದುವು. 1970ರ ದಶಕದ ಆದಿಯಲ್ಲಿ ಅವೂ ರೋಗದಿಂದ ನಶಿಸಲಾಗಿ ಜಪಾನಿನ ಜಾತಿಯನ್ನು ತರಿಸಲಾಯಿತು. ಇಂದು ಫ್ರಾನ್ಸಿನ ಮನೆಗಳಲ್ಲಿ ಬಿಡಿಸಲ್ಪಡುವ ಸಿಂಪಿಯು ಬಹುಮಟ್ಟಿಗೆ ಈ ಜಪಾನೀ ಕುಲದ್ದು.

೭

ಅಮೆರಿಕದ ಚರಿತ್ರೆಯಲ್ಲಿ ಬಿಡಿಸುವ ಕೈಗೆ ಹೆಸರೂ ಮುಖವೂ ದೊರೆತುವು. ಥಾಮಸ್ ಡೌನಿಂಗ್ ಎಂಬವನು 1791ರಲ್ಲಿ ವರ್ಜಿನಿಯದ ಚಿಂಕೊಟೀಗ್ ದ್ವೀಪದಲ್ಲಿ, ದಾಸ್ಯದಿಂದ ಬಿಡುಗಡೆಹೊಂದಿದ ನೀಗ್ರೊ ದಂಪತಿಗಳಿಗೆ ಜನಿಸಿದನು. ತೀರದಲ್ಲಿ ಸಿಂಪಿ ಬಾಚುವುದನ್ನು ಬಾಲ್ಯದಿಂದಲೇ ಬಲ್ಲವನಾದ ಈತನು ನ್ಯೂಯಾರ್ಕಿಗೆ ಬಂದು, 1825ರಲ್ಲಿ ಬ್ರಾಡ್ ಬೀದಿಯಲ್ಲಿ ಸಿಂಪಿಯ ಭೋಜನಗೃಹವನ್ನು ತೆರೆದನು. ನಗರದ ವರ್ತಕರೂ ಅಧಿಕಾರಿಗಳೂ ಅಲ್ಲಿಯ ಗಿರಾಕಿಗಳು. ಅದೇ ಮನೆಯ ನೆಲಮಾಳಿಗೆಯು ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ದಾಸರಿಗೆ ಆಶ್ರಯಸ್ಥಾನವಾಗಿತ್ತು. 1866ರಲ್ಲಿ ಅವನು ತೀರಿಕೊಂಡಾಗ ನ್ಯೂಯಾರ್ಕಿನ ವರ್ತಕ ಮಂಡಲಿಯು ಗೌರವಾರ್ಥವಾಗಿ ಬಾಗಿಲು ಮುಚ್ಚಿತು. ಚೂರಿಯನ್ನು ಹಿಡಿದ ಕುಲದಲ್ಲಿ ಹುಟ್ಟಿ ಚರಿತ್ರೆಯಲ್ಲಿ ಹೆಸರು ಪಡೆದವರು ಈತನಂತೆ ಕೆಲವರು ಮಾತ್ರ.

ಉಳಿದವರ ಪಾಡು ಬೇರೆ. ರೈಲುಮಾರ್ಗವೂ ತಗಡಿನ ಡಬ್ಬಿಯೂ ಬಂದ ಮೇಲೆ ಚೆಸಪೀಕ್ ಕೊಲ್ಲಿಯ ಸಿಂಪಿಯು ಖಂಡದ ಒಳನಾಡಿಗೆಲ್ಲ ಹೋಗತೊಡಗಿತು. 1884–85ರ ಒಂದು ಋತುವಿನಲ್ಲಿ ಮೇರಿಲೆಂಡಿನಲ್ಲಿ ಸುಮಾರು 1 ಕೋಟಿ 50 ಲಕ್ಷ ಬುಷೆಲ್ ಸಿಂಪಿಯನ್ನು ಎತ್ತಲಾಯಿತು. ಇಷ್ಟನ್ನೂ ಬಿಡಿಸಲು ಸಾವಿರಾರು ಕೈಗಳು ಬೇಕಾದುವು. ಅವು ಬಹುಮಟ್ಟಿಗೆ ನೀಗ್ರೊ ಕೂಲಿಗಳ, ಹೊಸದಾಗಿ ವಲಸೆಬಂದ ಕುಟುಂಬಗಳ ಕೈಗಳು. ಕೂಲಿಯು ದಿನಕ್ಕಲ್ಲ, ಬಿಡಿಸಿದ ಮಾಂಸದ ಅಳತೆಗೆ. ಬಾಲಕಾರ್ಮಿಕರ ನಿವಾರಣೆಗಾಗಿದ್ದ ರಾಷ್ಟ್ರೀಯ ಸಮಿತಿಯ ಪರವಾಗಿ ಲೂಯಿಸ್ ಹೈನ್ ಎಂಬ ಛಾಯಾಚಿತ್ರಕಾರನು 1911ರಲ್ಲಿ ಮಿಸಿಸಿಪ್ಪಿ, ದಕ್ಷಿಣ ಕೆರೊಲಿನ ಮುಂತಾದ ಸೀಮೆಗಳ ಸಿಂಪಿ ಕಾರ್ಖಾನೆಗಳನ್ನು ಹೊಕ್ಕು ತೆಗೆದ ಚಿತ್ರಗಳು ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿವೆ. ಬೆಳಕು ಹರಿಯುವ ಮುನ್ನವೇ ಕೆಲಸಕ್ಕೆ ನಿಂತ ಹಸುಮಕ್ಕಳು ಚಿಪ್ಪಿನ ರಾಶಿಯ ಮುಂದೆ ಚೂರಿ ಹಿಡಿದಿರುವುದನ್ನು ಅವು ತೋರಿಸುವುವು. ಬಾಲಶ್ರಮವನ್ನು ನಿಯಂತ್ರಿಸುವ ಸಂಯುಕ್ತ ಸರಕಾರದ ಶಾಸನವೊಂದು 1916ರಲ್ಲಿ ಆಗಿ, 1918ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ರದ್ದಾಯಿತು. ಸ್ಥಿರವಾದ ಶಾಸನವು ಬಂದುದು 1938ರಲ್ಲಿ. ರೋಮಿನಲ್ಲಿ ಚಿಪ್ಪಿನ ಅಂಚಿನ ಕಚ್ಚಿನಷ್ಟೇ ಇದ್ದ ಸಾಕ್ಷ್ಯವು ಇಲ್ಲಿ ಮಗುವಿನ ಮುಖವಾಗಿ ನಿಂತಿತು.

೮

ಡಬ್ಬಿಯಲ್ಲಿಯೂ ದೊಡ್ಡ ಔತಣಗಳಲ್ಲಿಯೂ ಉಣ್ಣುವವನು ಸಿಂಪಿಯ ಹುಟ್ಟನ್ನು ಕಾಣಲಾರನು. ಇದರ ಫಲವು ಭೀಕರವಾಗಿ ಪ್ರಕಟವಾದುದು 1902ನೆಯ ನವೆಂಬರಿನಲ್ಲಿ. ಇಂಗ್ಲೆಂಡಿನ ವಿಂಚೆಸ್ಟರ್, ಸೌದಾಂಪ್ಟನ್ ನಗರಗಳ ಮೇಯರುಗಳು ಕೊಟ್ಟ ಔತಣಗಳ ಬಳಿಕ ಅನೇಕ ಅತಿಥಿಗಳು ವಿಷಮಶೀತಜ್ವರದಿಂದ ಮಲಗಿದರು. ವಿಂಚೆಸ್ಟರಿನ ಪ್ರಧಾನ ದೇವಾಲಯದ ಡೀನರೂ ಮೃತರಾದರು. ಸಿಂಪಿಗಳು ಎಮ್ಸ್‌ವರ್ತ್ ಎಂಬ ರೇವಿನವು. ಅಲ್ಲಿ ಊರಿನ ಕೊಳಚೆನೀರು ಪಾತಿಗಳ ಮೇಲೆ ಹರಿಯುತ್ತಿದ್ದುದು ವಿಚಾರಣೆಯಿಂದ ಹೊರಬಿದ್ದಿತು. ವ್ಯಾಪಾರವು ಮುಳುಗಿದ ಬೆಳೆಗಾರನೊಬ್ಬನು ಸ್ಥಳೀಯ ಆಡಳಿತದ ಮೇಲೆ ದಾವೆ ಹೂಡಿ 1906ರಲ್ಲಿ ಅಪೀಲು ನ್ಯಾಯಾಲಯದಲ್ಲಿ ಗೆದ್ದನು. 1924–25ರ ಚಳಿಗಾಲದಲ್ಲಿ ಅಮೆರಿಕದ ನಗರಗಳಲ್ಲಿ ಇದೇ ಜ್ವರವು ಸಿಂಪಿಯ ಮೂಲಕ ಹಬ್ಬಿ ಸುಮಾರು 1500 ಮಂದಿ ರೋಗಿಗಳಾಗಿ, ಸುಮಾರು 150 ಮಂದಿ ಸತ್ತರು. ಪಾತಿಯ ನೀರನ್ನು ಪರೀಕ್ಷಿಸಿ, ಮಾರಾಟಕ್ಕೆ ಬಂದ ಸಿಂಪಿಯ ಮೂಲವನ್ನು ಗುರುತಿಸುವ ರಾಷ್ಟ್ರೀಯ ವ್ಯವಸ್ಥೆಯು ಅಲ್ಲಿ 1925ರಲ್ಲಿ ಹುಟ್ಟಿದುದು ಈ ದುರಂತದಿಂದ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೈಯ ಅನುಭವವು ಸತ್ತ ಸಿಂಪಿಯನ್ನು ಗುರುತಿಸಬಲ್ಲದು, ರೋಗಾಣುವನ್ನು ಗುರುತಿಸಲಾರದು. ಬಾಯಿ ಬಿಟ್ಟಿರುವ ಸಿಂಪಿಯನ್ನು ತಟ್ಟಿದಾಗ ಅದು ಮುಚ್ಚಿಕೊಳ್ಳದಿದ್ದರೆ ಸತ್ತಿದೆಯೆಂದು ತಿಳಿದು ಎಸೆಯಬೇಕು. ಬಿಡಿಸಿದಾಗ ಒಳಗೆ ನೀರಿಲ್ಲದೆ ಒಣಗಿದ್ದರೂ ದುರ್ವಾಸನೆಯಿದ್ದರೂ ತ್ಯಜಿಸಬೇಕು. ಇವು ಬಿಡಿಸುವವನ ಪರಂಪರಾಗತ ಜ್ಞಾನ. ಆದರೆ ಎಮ್ಸ್‌ವರ್ತಿನ ಸಿಂಪಿಗಳು ಈ ಪರೀಕ್ಷೆಗಳಲ್ಲೆಲ್ಲ ಉತ್ತೀರ್ಣವಾಗಬಹುದಾಗಿದ್ದುವು. ರೋಗಾಣುವನ್ನು ಹೊತ್ತ ಸಿಂಪಿಯೂ ಜೀವಂತವಾಗಿ, ಸುವಾಸನೆಯಿಂದ ಕೂಡಿರುವುದು. ಆದುದರಿಂದ ಕೈಯ ಜ್ಞಾನಕ್ಕೆ ಪ್ರಯೋಗಶಾಲೆಯ ಜ್ಞಾನವು ಸಹಾಯವಾಗಿ ನಿಲ್ಲಬೇಕಾಯಿತು. ಯಕೃತ್ತಿನ ರೋಗವುಳ್ಳವರೂ ದುರ್ಬಲರೂ ಹಸಿ ಸಿಂಪಿಯನ್ನು ಮುಟ್ಟಬಾರದೆಂದು ವೈದ್ಯರು ಈಗಲೂ ಎಚ್ಚರಿಸುವರು.

೯

ಚೂರಿಯು ಗೃಹಸ್ಥನ ಕೈಗೆ ಮರಳಿದುದು ಈ ಚರಿತ್ರೆಯ ಇತ್ತೀಚಿನ ಘಟ್ಟ. ಸೇವಕರ ವರ್ಗವು ಕ್ಷೀಣಿಸಿ, ಮಂಜುಗಡ್ಡೆಯೂ ಶೀತಪೆಟ್ಟಿಗೆಯೂ ವೇಗದ ಸಾಗಾಟವೂ ಒದಗಿದ ಮೇಲೆ ಮುಚ್ಚಿದ ಸಿಂಪಿಯನ್ನೇ ಮನೆಗೆ ಒಯ್ಯುವುದು ಸಾಧ್ಯವಾಯಿತು. ಫ್ರಾನ್ಸಿನಲ್ಲಿ ಕ್ರಿಸ್ಮಸ್ಸಿನಿಂದ ಹೊಸ ವರುಷದ ವರೆಗೆ ಸಿಂಪಿಯ ಬುಟ್ಟಿಯನ್ನು ತಂದು ಮನೆಯಲ್ಲಿಯೇ ಬಿಡಿಸುವುದು ಸಂಪ್ರದಾಯವಾಗಿದೆ. ಅದೇ ದಿನಗಳಲ್ಲಿ ಅಂಗೈಯ ಗಾಯಗಳೂ ವೈದ್ಯರ ಬಳಿಗೆ ಬರುವುವು. ಕಸಬುದಾರನು ವರ್ಷಗಟ್ಟಲೆ ಕಲಿತುದನ್ನು ಗೃಹಸ್ಥನು ವರ್ಷಕ್ಕೊಮ್ಮೆ ಮಾಡುವುದರಿಂದ ಇದು ಸಹಜ.

ಪದ್ಧತಿಗಳಲ್ಲಿ ದೇಶಭೇದವುಂಟು. ಇಂಗ್ಲಿಷ್ ಮತ್ತು ಅಮೆರಿಕನ್ ಪದ್ಧತಿಯಲ್ಲಿ ಗುಳಿಯಾದ ಚಿಪ್ಪನ್ನು ಕೆಳಗಿಟ್ಟು, ದಪ್ಪ ಬಟ್ಟೆಯಿಂದ ಅದುಮಿ ಹಿಡಿದು, ಮೊಂಡಾದ ಗಿಡ್ಡ ಚೂರಿಯ ತುದಿಯನ್ನು ಕೀಲಿನಲ್ಲಿ ನಾಟಿ, ಬೀಗದ ಕೈಯನ್ನು ತಿರುಗಿಸುವಂತೆ ತಿರುಗಿಸುವರು. ಕೀಲು ಸಡಿಲಿದೊಡನೆ ಮೇಲಿನ ಚಿಪ್ಪಿನ ಒಳಮೈಗೆ ತಾಗುವಂತೆ ಅಲಗನ್ನು ಜಾರಿಸಿ ಸ್ನಾಯುವನ್ನು ಕೊಯ್ಯುವರು. ಫ್ರೆಂಚರು ಸಾಮಾನ್ಯವಾಗಿ ಕೀಲಿಗೆ ಹೋಗದೆ ಪಕ್ಕದ ಅಂಚಿನಿಂದ, ಸ್ನಾಯುವಿರುವ ನೇರಕ್ಕೆ, ಚೂಪಾದ ಸಣ್ಣ ಚೂರಿಯನ್ನು ಹೊಗಿಸುವರು. ಅಮೆರಿಕನ್ನರು ಕೆಳಗಿನ ಚಿಪ್ಪಿನಿಂದಲೂ ಮಾಂಸವನ್ನು ಬಿಡಿಸಿಕೊಡುವರು. ಫ್ರೆಂಚರು ಅದನ್ನು ಅಂಟಿಕೊಂಡಂತೆಯೇ ಬಿಡುವರು. ಮೊದಲ ನೀರನ್ನು ಚೆಲ್ಲಿದರೆ ಜೀವಂತ ಸಿಂಪಿಯು ಎರಡನೆಯ ನೀರನ್ನು ಬಿಡುವುದೆಂದು ಫ್ರೆಂಚರು ಕಾಯುವುದೂ ಉಂಟು. ಬಾಸ್ಟನ್, ಪ್ರಾವಿಡೆನ್ಸ್, ನ್ಯೂಹೇವನ್ ಮುಂತಾದ ರೇವುಗಳು ತಮ್ಮ ತಮ್ಮ ಹೆಸರಿನ ಚೂರಿಗಳನ್ನೇ ಬಳಕೆಗೆ ತಂದಿವೆ. ಐರ್ಲೆಂಡಿನ ಗಾಲ್ವೆಯಲ್ಲಿ 1954ರಲ್ಲಿ ಆರಂಭವಾದ ಸಿಂಪಿಯ ಉತ್ಸವದಲ್ಲಿಯೂ, ಮೇರಿಲೆಂಡಿನ ಲಿಯೊನಾರ್ಡ್‌ಟೌನಿನಲ್ಲಿಯೂ ಬಿಡಿಸುವ ಸ್ಪರ್ಧೆಗಳು ನಡೆಯುವುವು. ಕೂಲಿಯ ಕೆಲಸವಾಗಿದ್ದುದು ಹೀಗೆ ಕೆಲವರಿಗೆ ವಿನೋದವೂ ಕೆಲವರಿಗೆ ಬಿರುದೂ ಆಯಿತು.

೧೦

ಭಾರತದ ಸಂಬಂಧವನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಬಹುದು. ಸಂಸ್ಕೃತ, ಕನ್ನಡ ಸಾಹಿತ್ಯಗಳಲ್ಲಿ ಸಿಂಪಿಯು ಮುತ್ತಿನ ತಾಯಿಯಾಗಿ ಸ್ವಾತಿಯ ಹನಿಗೆ ಬಾಯ್ದೆರೆಯುವುದು. ವೇದಾಂತದಲ್ಲಿ ಶುಕ್ತಿಯು ರಜತವಾಗಿ ತೋರಿ ಭ್ರಮೆಗೆ ನಿದರ್ಶನವಾಗುವುದು. ಶಂಕರಾಚಾರ್ಯರ ಅಧ್ಯಾಸಭಾಷ್ಯದಲ್ಲಿಯೇ ಈ ದೃಷ್ಟಾಂತವಿದೆ. ಬೆಳ್ಳಿಯಂತೆ ಹೊಳೆಯುವುದು ಮುತ್ತಿನ ಸಿಂಪಿಯಂಥವುಗಳ ಒಳಮೈ; ಉಣ್ಣುವ ಸಿಂಪಿಯ ಒಳಮೈ ಸುಣ್ಣದಂತೆ ಮಂಕು. ಇವೆರಡೂ ಬೇರೆ ಬೇರೆ ಕುಲದವು. ಬಿಡಿಸುವ ಕ್ರಮವೂ ಬೇರೆ. ಮನ್ನಾರ್ ಕೊಲ್ಲಿಯ ಮುತ್ತಿನ ಸುಗ್ಗಿಯಲ್ಲಿ ಸಿಂಪಿಗಳನ್ನು ರಾಶಿಹಾಕಿ ಕೊಳೆಯಬಿಟ್ಟು, ಮಾಂಸವು ಕರಗಿದ ಬಳಿಕ ತೊಳೆದು ಮುತ್ತನ್ನು ಆರಿಸುತ್ತಿದ್ದರು. ಅಲ್ಲಿ ಮಾಂಸವು ಕಸ, ಮುತ್ತು ಸಾರ. ಉಣ್ಣುವವನಿಗೆ ಮಾಂಸವೇ ಸಾರ.

ಉಣ್ಣುವ ಸಿಂಪಿಯೂ ಈ ತೀರಕ್ಕೆ ಅಪರಿಚಿತವಲ್ಲ. ಕೊಂಕಣಿ, ಮರಾಠಿಗಳಲ್ಲಿ ಇದಕ್ಕೆ ಕಾಲ್ವ ಎಂದು ಹೆಸರು. ಕಾಳಿ, ಮೂಲ್ಕಿ ಮೊದಲಾದ ನದೀಮುಖಗಳ ಬಂಡೆಗಳಲ್ಲಿ ಇದು ಅಂಟಿ ಬೆಳೆಯುವುದು. ಕೊಂಕಣ ತೀರದ ಹೆಂಗಸರು ಇಳಿತದ ಹೊತ್ತಿನಲ್ಲಿ ಬಂಡೆಗೆ ಹೋಗಿ, ಉಳಿಯಂಥ ಮೊನೆಯಿಂದ ಮೇಲಿನ ಚಿಪ್ಪನ್ನು ಒಡೆದು ಮಾಂಸವನ್ನು ತೆಗೆಯುವರು. ಅದು ಬೆಂದು ಸಾರಾಗಿ ಪಲ್ಯವಾಗಿ ಊಟಕ್ಕೆ ಬರುವುದೇ ಹೊರತು ಹಸಿಯಾಗಿ ಅಲ್ಲ. ಜೇಮ್ಸ್ ಹಾರ್ನೆಲ್ ಎಂಬವನು 1910ರಲ್ಲಿ ಪುಲಿಕಾಟ್ ಸರೋವರದಲ್ಲಿ ಸಿಂಪಿಯ ಕೃಷಿಯನ್ನು ಯತ್ನಿಸಿದನು. 1970ರ ದಶಕದಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾಲಯವು ತೂತುಕುಡಿಯಲ್ಲಿ ಆ ಕೃಷಿಯ ಕ್ರಮವನ್ನು ರೂಪಿಸಿತು. ಇಲ್ಲಿ ಆರಿಸುವವಳೂ, ಬಿಡಿಸುವವಳೂ, ಬೇಯಿಸುವವಳೂ ಅನೇಕ ವೇಳೆ ಒಬ್ಬಳೇ. ರೋಮ್, ವರ್ಸೇಲ್ಸ್, ಬಾಲ್ಟಿಮೋರ್‌ಗಳಲ್ಲಿ ಒಡೆದು ಹಂಚಿಹೋದ ಕೆಲಸವು ಈ ತೀರದಲ್ಲಿ ಒಡೆಯದೆ ಉಳಿದಿದೆ.

ಮೇಲಣ ಸಂಗತಿಗಳಿಂದ ಎರಡು ವಿಷಯಗಳು ಸಿದ್ಧವಾಗುವುವು. ಒಂದು: ಬಿಡಿಸುವ ಕೆಲಸವು ಉಣ್ಣುವವನ ಕಣ್ಣಿನಿಂದ ಎಷ್ಟು ದೂರವಾಯಿತೋ ಅಷ್ಟು ಮಟ್ಟಿಗೆ ಕೆಲಸಗಾರನ ಶೋಷಣೆಯೂ ಆಹಾರದ ಅಪಾಯವೂ ಅಗೋಚರವಾದುವು, ಎರಡನ್ನೂ ಬೆಳಕಿಗೆ ತಂದುದು ಹೈನನ ಛಾಯಾಚಿತ್ರ, ಆರೋಗ್ಯಾಧಿಕಾರಿಯ ವಿಚಾರಣೆ ಮುಂತಾದ ಹೊರಗಿನ ಸಾಧನಗಳು. ಎರಡು: ಚೂರಿಯನ್ನು ತಾನೇ ಹಿಡಿದ ಗೃಹಸ್ಥನಿಗೆ ಗಾಯದೊಡನೆ ಜ್ಞಾನವೂ ಮರಳಿತು, ಆದರೆ ಅದು ಅಪೂರ್ಣ ಜ್ಞಾನ, ಏಕೆಂದರೆ ಪಾತಿಯ ನೀರು ಅವನ ಕೈಯಲ್ಲಿಲ್ಲ. ನೀರನ್ನು ಕಾಯುವ ಹೊಣೆಯು ಊರಿನದು. ಅಡುಗೆಯ ಚರಿತ್ರೆಯನ್ನು ಬರೆಯುವವರು ಇನ್ನು ಮುಂದೆ ಎಲೆಯ ಮೇಲಿನ ಪದಾರ್ಥದ ಜತೆಗೆ ಅದನ್ನು ಸಿದ್ಧಮಾಡಿದ ಕೈಯನ್ನೂ, ಅದು ಬೆಳೆದ ನೀರನ್ನೂ ಆಧಾರಗಳಲ್ಲಿ ಅರಸಿದರೆ ಶಾಸ್ತ್ರಕ್ಕೆ ಉಪಕಾರವಾಗುವುದು.